ಏನೂ ಇಲ್ಲ ಅನ್ನಬೇಡಮ್ಮ

ಲಾಂಡ್ರಿ ಹಿಂದಿನ ಓಣಿ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಕ್ಕನ ಮಕ್ಕಳು ನಿನ್ನನ್ನು ಒಂದು ಗಳಿಗೆ ಕೂರಲು ಬಿಡುತ್ತಾರೋ ಇಲ್ಲವೋ? ನಿನ್ನೆ ಫೋನಿನಲ್ಲಿ "ಕೂತ್ರೂ ಕೂತ ಹಾಗೇ ಅನ್ಸಲ್ಲ ಕಣೆ, ಕೂರೋ ಜಾಗಾನೇ ಯಾರೋ ಕದ್ದುಬಿಟ್ಟಿದ್ದಾರೆ" ಅಂದೆಯಲ್ಲ, ಹೊಟ್ಟೆ ಹಿಡಿದು ನಕ್ಕೆ. ನಾಳೆ ಅಣ್ಣನ ಲಾರಿ ನಿಮ್ಮ ಕಡೆ ಬರುತ್ತದಂತೆ, ಈ ಕಾಗದ ಅವನ ಕೈಲಿ ಕಳಿಸುತ್ತೇನೆ.

ನನ್ನ ಸೊಂಟದ ಸುದ್ದಿ ಕೇಳು. ಲಾಂಡ್ರಿಯಲ್ಲಿ ಆಸ್ಪತ್ರೆಯ ಒದ್ದೆ ಹಾಸುಬಟ್ಟೆಗಳ ಗಂಟು ಎತ್ತುವಾಗ ಹಿಡಿದದ್ದು ಬಿಡಲೇ ಇಲ್ಲ. ಕ್ಲಿನಿಕ್ಕಿಗೆ ಹೋದರೆ ಡಾಕ್ಟರಮ್ಮ ನನ್ನ ಸೊಂಟ ಮುಟ್ಟುವ ಮೊದಲು ಕಂಪ್ಯೂಟರ್ ಮುಟ್ಟಿದಳು. ಮೈಯೆಲ್ಲ ಉರಿಯಿತು. "ಇದು ಯಾರ ಪರ ಮೇಡಂ, ನನ್ನ ಪರಾನೋ ಲಾಂಡ್ರಿ ಮಾಲೀಕನ ಪರಾನೋ?" ಅಂದೆ. ಅವಳು ಪರದೆಯನ್ನು ನನ್ನ ಕಡೆಗೇ ತಿರುಗಿಸಿದಳು. ಅದು ಪ್ರಶ್ನೆ ಕೇಳುತ್ತದಂತೆ, ನಮ್ಮ ಉತ್ತರ ನೋಡಿ ಯಾರಿಗೆ ನಡಿಗೆ ಸಾಕು, ಯಾರಿಗೆ ವ್ಯಾಯಾಮ ಕಲಿಸಬೇಕು, ಯಾರನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಓಡಿಸಬೇಕು ಎಂದು ಸೂಚಿಸುತ್ತದಂತೆ. ತೀರ್ಮಾನ ಮಾತ್ರ ಅವಳದೂ ನನ್ನದೂ. ನನಗೋ ಕುತೂಹಲ ತಡೆಯಲಾಗಲಿಲ್ಲ. ಈ ಪ್ರಶ್ನೆ ಬರೆದವರು ಜನ್ಮದಲ್ಲಿ ಒಂದು ಗಂಟು ಎತ್ತಿದ್ದಾರಾ, ನೋಡೇಬಿಡೋಣ ಎಂದು ಕುರ್ಚಿ ಎಳೆದುಕೊಂಡೆ.

ನೋವು ಕಾಲಿಗೆ ಇಳಿಯುತ್ತದೆಯೇ? ಇಲ್ಲ. ನಿದ್ದೆ ಕೆಡುತ್ತದೆಯೇ? ಇಲ್ಲ. ಬಗ್ಗಲು ಭಯವೇ? ಇಲ್ಲ. ಡಾಕ್ಟರಮ್ಮ ಕನ್ನಡಕ ಇಳಿಸಿ, "ಏನೂ ಇಲ್ಲ ಅಂದ್ಮೇಲೆ ಯಾಕಮ್ಮ ಬಂದ್ರಿ?" ಅಂದಳು. ಆಗ ತಲೆಗೆ ಹೊಳೆಯಿತು. ದಿನಾ ಗೇಟಿನಲ್ಲಿ ಮೇಸ್ತ್ರಿ "ಯಾರಿಗಾದ್ರೂ ನೋವಿದೆಯಾ?" ಅನ್ನುತ್ತಾನೆ, ಇದೆ ಅಂದವಳನ್ನು ಅಲ್ಲಿಂದಲೇ ಮನೆಗೆ ಅಟ್ಟುತ್ತಾನೆ. "ಏನು ಕೇಳಿದ್ರೂ ಏನೂ ಇಲ್ಲ ಅನ್ನು" ಎಂದು ಮೊದಲ ದಿನ ನನಗೆ ಹೇಳಿಕೊಟ್ಟವಳು, ಅದೇ ಗೇಟಿನಲ್ಲಿ ಎಷ್ಟೋ ಕಾಲ ನಿಂತ ನೀನೇ. ನಮ್ಮ ನಾಲಗೆಯನ್ನು ಹೀಗೆ ಪಳಗಿಸಿದ್ದಾರೆ ನೋಡು, ಯಂತ್ರದ ಮುಂದೂ ಅದು ಹೆದರುತ್ತದೆ! "ಇದು ನಿಮ್ಮ ಮೇಸ್ತ್ರಿ ಅಲ್ಲಮ್ಮ, ಸುಳ್ಳು ಕೊಟ್ರೆ ಸುಳ್ಳನ್ನೇ ವಾಪಸ್ ಕೊಡುತ್ತೆ" ಎಂದು ಡಾಕ್ಟರಮ್ಮ ಮೊದಲಿನಿಂದ ಶುರುಮಾಡಿದಳು. ಈ ಸಲ ನಿಜ ಹೇಳಿದೆ. ಅವಳು ಬೆನ್ನು, ಕಾಲು ಎಲ್ಲ ಪರೀಕ್ಷಿಸಿ, ಗಾಬರಿಯ ಲಕ್ಷಣವಿಲ್ಲ, ಸ್ಕ್ಯಾನೂ ಬೇಡ, ಮಲಗಿ ಕೊಳೆಯುವುದೂ ಬೇಡ, ನಡೆಯಿರಿ, ಮೈ ಬಗ್ಗಿಸಿ, ಭಾರ ಕಡಿಮೆ ಮಾಡಿ ಅಂದಳು. ಸೊಂಟನೋವೆಂದು ನಿನ್ನನ್ನು ವರ್ಷಗಟ್ಟಲೆ ಹಲಗೆಯ ಮೇಲೆ ಮಲಗಿಸಿ, ಬೆಲ್ಟು ಬಿಗಿದರಲ್ಲ, ಒಬ್ಬನಾದರೂ ಒಂದು ಪ್ರಶ್ನೆ ಕೇಳಿದನಾ ಅಮ್ಮ?

"ಭಾರ ಕಡಿಮೆ ಮಾಡಿ ಅಂತ ಮೇಸ್ತ್ರಿಗೆ ಯಾವ ಯಂತ್ರ ಹೇಳುತ್ತೆ?" ಅಂದೆ. ಅದಕ್ಕೆ ನಾವಿದ್ದೇವೆ ಎಂದು ಸಂಜೆ ಜೊತೆಯವರಿಗೆಲ್ಲ ಹೇಳಿಟ್ಟೆ. ಮಾರನೇ ದಿನ ಗೇಟಿನಲ್ಲಿ ಅವನು ಬಾಯಿ ತೆರೆದದ್ದೇ ತಡ, ಇಡೀ ಸಾಲು "ಇದೆ!" ಅಂದಿತು. ಎಲ್ಲರನ್ನೂ ಅಟ್ಟಿದರೆ ಆಸ್ಪತ್ರೆಯ ಹಾಸುಬಟ್ಟೆ ಅವನಪ್ಪ ಒಗೆಯುತ್ತಾನಾ? ಮೂತಿ ಊದಿಸಿಕೊಂಡು ಒಳಗೆ ಬಿಟ್ಟ. ಈಗ ಒಂದು ಗಂಟಿಗೆ ಇಬ್ಬರು.

ಅಕ್ಕ ಭಾವನಿಗೆ ನನ್ನ ನಮಸ್ಕಾರ, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು.

ನಿನ್ನ ಜಗಳಗಂಟಿ

ಮರೆತಿದ್ದೆ: ಕಾಗದ ಮಡಿಸುವಾಗ ನೆನಪಾಯಿತು. ಪರದೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಕೂರುವ ಜಾಗ ಮರಗಟ್ಟಿದೆಯೇ, ಮೂತ್ರದ ಹಿಡಿತ ತಪ್ಪಿದೆಯೇ? ನಿನ್ನೆ ನಾನು ನಕ್ಕದ್ದು ಅದಕ್ಕೇ ಅಲ್ಲವಾ! ಈಗ ನಾನು ಫೋನ್ ಮಾಡಿದರೆ ನೀನು "ಏನೂ ಇಲ್ಲ, ಸುಮ್ನಿರು" ಎಂದು ಇಟ್ಟುಬಿಟ್ಟೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ, "ನಾಳೆ ಅಲ್ಲ, ಈಗಲೇ ದೊಡ್ಡಾಸ್ಪತ್ರೆಗೆ" ಅಂದಳು. ಅಣ್ಣ ಸರಕು ತುಂಬದೆ ಖಾಲಿ ಲಾರಿಯನ್ನೇ ಹೊರಡಿಸಿದ್ದಾನೆ. ಇದನ್ನು ಓದುತ್ತಾ ನಿಲ್ಲಬೇಡ, ಹತ್ತು. ಅಲ್ಲಿ ಆ ಪ್ರಶ್ನೆ ಕೇಳುತ್ತಾರೆ. ನೀನು ಗೇಟಿನಲ್ಲಿಲ್ಲ ಅಮ್ಮ. ಇದೆ ಅನ್ನು.