ಭೈರಮ್ಮನ ತಪ್ಪು

ತಿಪಟೂರು
21 ಆಗಸ್ಟ್ 2001

ಪ್ರೀತಿಯ ಶಶಿ,

ಮಾಯಸಂದ್ರದಿಂದ ನಿನ್ನ ಕಾಗದ ಬಂದು ತಿಂಗಳು ದಾಟಿತು. ಉತ್ತರ ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ನಿನ್ನ ಮಗಳು ಪುಟ್ಟಿಗೆ ಹಲ್ಲು ಬಂದಿದೆಯಂತೆ, ದಸರಾ ರಜೆಗೆ ಬಂದು ಕಚ್ಚಿಸಿಕೊಳ್ಳುತ್ತೇನೆ.

ನಮ್ಮ ಪಾಲಿಟೆಕ್ನಿಕ್‌ನ ಒಂದು ಸಂಗತಿ ಹೇಳಬೇಕು. ಈ ವರ್ಷ ಲ್ಯಾಬಿಗೆ ಬಂದ ಸಾಫ್ಟ್‌ವೇರ್ ತಪ್ಪಾದ ಸಾಲನ್ನು ಕೆಂಪು ಮಾಡಿ ತೋರಿಸುತ್ತದೆ. ಬೇಕೆಂದರೆ ಪ್ರೋಗ್ರಾಮನ್ನು ಒಂದೊಂದೇ ಸಾಲು ಓಡಿಸಿಯೂ ನೋಡಬಹುದು. ಹುಡುಗರು ಯೋಚಿಸುವುದನ್ನೇ ಬಿಟ್ಟು, ಕೆಂಪು ಹೋಗುವ ತನಕ ಏನೇನೋ ಒತ್ತುತ್ತಿದ್ದರು. ಹೇಗೆ ಸರಿಯಾಯಿತು ಎಂದರೆ ಚಿತ್ತೇಶ ಎಂಬ ಹುಡುಗ, ‘ಗೊತ್ತಿಲ್ಲ ಮಿಸ್, ಓಡ್ತಲ್ಲ’ ಎಂದ. ನನಗೆ ಸಿಟ್ಟು ಬಂತು. ಆ ಸಾಫ್ಟ್‌ವೇರನ್ನು ಯಾರೂ ಮುಟ್ಟಕೂಡದು, ತಪ್ಪನ್ನು ಹಾಳೆಯಲ್ಲೇ ಹುಡುಕಿ ಎಂದುಬಿಟ್ಟೆ.

ಹದಿನೈದು ದಿನಕ್ಕೆ ಭೈರಮ್ಮ ಬರುವುದು ನಿಂತಿತು. ಹುಳಿಯಾರು ಕಡೆಯ ಹಟ್ಟಿಯ ಹುಡುಗಿ, ಮಾತು ಕಡಿಮೆ. ಭಾನುವಾರ ಬಸ್ಸು ಹಿಡಿದು ಅವರ ಮನೆಗೆ ಹೋದೆ. ತಾಯಿ ಕ್ಯಾತಮ್ಮ ಮಜ್ಜಿಗೆ ಕೊಟ್ಟು, ‘ನನ್ ತಲೆಗೆ ಹತ್ತಾಕಿಲ್ಲ ಕಣವ್ವ ಅಂತ ಪುಸ್ತಕ ಕಟ್ಟಿಕ್ಕವಳೆ’ ಎಂದರು. ನೋಟ್‌ಬುಕ್ ಬಿಚ್ಚಿದೆ. ಒಂದರಿಂದ ಹತ್ತರವರೆಗೆ ಕೂಡಿಸುವ ಪ್ರೋಗ್ರಾಮು, ಹನ್ನೊಂದು ಸಲ ಬರೆದಿದ್ದಾಳೆ. ಐವತ್ತೈದು ಬರಬೇಕಾದಲ್ಲಿ ಪ್ರತಿ ಸಲವೂ ಹತ್ತು. ಕೆಳಗೆ ನನ್ನದೇ ಅಕ್ಷರ: ‘ತಪ್ಪು, ಮತ್ತೆ ಬರೆ.’

ಮರುದಿನ ಅವಳನ್ನು ಲ್ಯಾಬಿಗೆ ಕರೆಸಿ, ಪಕ್ಕದಲ್ಲೇ ಕುಳಿತು, ಅದೇ ಸಾಫ್ಟ್‌ವೇರಿನಲ್ಲಿ ಅವಳ ಪ್ರೋಗ್ರಾಮನ್ನು ಒಂದೊಂದೇ ಸಾಲು ಓಡಿಸಿದೆ. ಮೂರನೇ ಸುತ್ತಿಗೆ ನನ್ನ ಕೈ ಹಿಡಿದಳು.

‘ತಡೀರಿ ಮಿಸ್. ಸುತ್ತು ಸುತ್ತಿಗೂ ಮೊತ್ತ ಸೊನ್ನೆ ಆಯ್ತಾ ಐತೆ. ಸೊನ್ನೆ ಮಾಡೋ ಸಾಲ್ನ ನಾನೇ ಸುತ್ತಿನ ಒಳಿಕ್ಕೆ ಹಾಕಿವ್ನಿ.’

ಸಾಲನ್ನು ತಾನೇ ಮೇಲಕ್ಕೆ ತಂದಳು. ಐವತ್ತೈದು ಬಂತು. ಅವಳು ನಗಲಿಲ್ಲ. ‘ಇದು ಮೊದ್ಲಿಂದ್ಲೂ ಇತ್ತಾ ಮಿಸ್?’ ಎಂದಳು. ಇತ್ತು ಎಂದೆ.

ಈಗ ಆ ಸಾಫ್ಟ್‌ವೇರನ್ನು ಎಲ್ಲರೂ ಬಳಸಬಹುದು. ಆದರೆ ತಿದ್ದುವ ಮೊದಲು ಯಾಕೆ ತಪ್ಪು ಎಂದು ಬಾಯಿಬಿಟ್ಟು ಹೇಳಬೇಕು. ಚಿತ್ತೇಶ ಗೊಣಗುತ್ತಾನೆ, ಹೇಳುತ್ತಾನೆ.

ಪುಟ್ಟಿಗೆ ಆಯುಸ್ಸು, ಆರೋಗ್ಯ ಎಲ್ಲ ತುಂಬಿ ಬರಲಿ. ನಿಮ್ಮೆಜಮಾನರಿಗೆ ನಮಸ್ಕಾರ.

ನಿನ್ನ
ವನಜಾ

ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಮ್ಮ ಡಿಪ್ಲೊಮಾ ಎರಡನೇ ವರ್ಷ, ಪ್ರಾಕ್ಟಿಕಲ್ ಹಿಂದಿನ ದಿನ, ನಿನ್ನ ಪ್ರೋಗ್ರಾಮಿನ ಹಾಳೆ ಹಿಡಿದು ‘ಎಲ್ ತಪ್ಪೈತೆ ನೋಡೇ’ ಎಂದೆಯಲ್ಲ, ನಾನು ‘ಗೊತ್ತಾಗ್ತಿಲ್ಲ ಕಣೇ’ ಎಂದೆ. ಗೊತ್ತಾಗಿತ್ತು ಶಶಿ. ಆರನೇ ಸಾಲು. ಕ್ಲಾಸಿಗೆ ನಾನೇ ಫಸ್ಟ್ ಬರಬೇಕೆಂಬ ಆಸೆ ನನಗೆ. ಮರುದಿನ ಅದೇ ಪ್ರೋಗ್ರಾಮು ಬಂತು, ನೀನು ಫೇಲಾಗಿ ಓದು ಬಿಟ್ಟೆ. ಹತ್ತು ವರ್ಷದ ಕಾಗದಗಳಲ್ಲಿ ಇದೊಂದನ್ನು ಬಿಟ್ಟು ಎಲ್ಲ ಬರೆದೆ.