ಶಾಮಾಳ ಮೊದಲ ಉಪವಾಸ

ಮೇ 12, 2020, ಮಂಗಳವಾರ. ಫೆಜ್.

ಮಗುವೊಂದು ತನ್ನ ಹಸಿವನ್ನೇ ಮರೆಯುತ್ತದೆಯೇ? ಸಂಜೆಯಿಂದ ಇದೊಂದೇ ತಲೆ ಕೊರೆಯುತ್ತಿದೆ.

ಮಧ್ಯಾಹ್ನ ಮಗಳು ಶಾಮಾಳ ಪಕ್ಕದಲ್ಲಿ ಇಟ್ಟುಬಂದ ರೊಟ್ಟಿ ಮುಟ್ಟದೆ ಹಾಗೇ ಇತ್ತು. ಎಂಟು ವರ್ಷದವಳಿಗೆ ರಂಜಾನ್ ಉಪವಾಸ ಕಡ್ಡಾಯವೇನಲ್ಲ. ತಟ್ಟೆ ನೋಡಿದ್ದೇ ಅತ್ತೆ ಹಿಗ್ಗಿಹೋದರು.

"ನೋಡೇ, ಯಾರಿಗೂ ಹೇಳ್ದೆ ಉಪವಾಸ ಮಾಡ್ತಿದಾಳೆ ನನ್ನ ಬಂಗಾರ! ಈ ವಯಸ್ಸಲ್ಲಿ ನೀನು ಕದ್ದು ತಿಂತಿದ್ದೆ ಅಂತ ನಿಮ್ಮಮ್ಮನೇ ಹೇಳಿದಾರೆ."

ಈ ಊರಲ್ಲಿ ಮೊದಲ ಉಪವಾಸವೆಂದರೆ ಹುಡುಗಿಗೆ ಮದುವಣಗಿತ್ತಿಯ ಸಿಂಗಾರ ಆಗಬೇಕು. ಲಾಕ್‌ಡೌನ್‌ನಲ್ಲಿ ನೆಂಟರು ಎಲ್ಲಿಂದ ಬರಬೇಕು? ಅತ್ತೆಯೇ ಜರಿಯ ನಿಲುವಂಗಿ ತೊಡಿಸಿದರು, ಗೋರಂಟಿ ಕಲಸಿದರು. ಶಾಮಾ ಎಡಗೈ ಮಾತ್ರ ಚಾಚಿದಳು. ಬೆಳಗಿನ ಆನ್‌ಲೈನ್ ಪಾಠಕ್ಕೆಂದು ಹಿಡಿದ ಟ್ಯಾಬ್ ಇನ್ನೂ ತೊಡೆಯ ಮೇಲಿತ್ತು, ಬಲಗೈ ಅದರಲ್ಲೇ ಆಡುತ್ತಿತ್ತು.

ಸಂಜೆಯ ಬಾಂಗ್ ಕೇಳಿಸಿತು. ಅತ್ತೆ ಖರ್ಜೂರ, ಹಾಲು ಹಿಡಿದು ನಿಂತರು. ಶಾಮಾ ತಲೆ ಎತ್ತಲಿಲ್ಲ. ಬಾಯಿಗಿಟ್ಟ ಖರ್ಜೂರವನ್ನು ಅಗಿಯಲೂ ಇಲ್ಲ. ಟ್ಯಾಬ್ ಕಿತ್ತುಕೊಂಡೆ.

"ಹಸಿವಾಗಲಿಲ್ವೇನೇ?"

"ನೀನು ಇನ್ನೂ ಮಧ್ಯಾಹ್ನದ ಊಟಕ್ಕೇ ಕರೆದಿಲ್ವಲ್ಲಮ್ಮಾ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಕಿಟಕಿಯಾಚೆ ಕತ್ತಲಾಗಿದ್ದನ್ನು ಆಗಷ್ಟೇ ಕಂಡಳು.

ಅತ್ತೆಗೆ ಕಿವಿ ಮಂದ. ಆಗಲೇ ಫೋನಿನಲ್ಲಿ ನಾದಿನಿಗೆ ಮೊಮ್ಮಗಳ ಭಕ್ತಿಯನ್ನು ಹೊಗಳುತ್ತಿದ್ದರು. ಏನೆಂದು ಹೇಳಲಿ ಅವರಿಗೆ?

ಈಗ ಶಾಮಾ ಪಕ್ಕದಲ್ಲೇ ನಿದ್ದೆಹೋಗಿದ್ದಾಳೆ. ಗೋರಂಟಿಯ ಕೈ ಸುಮ್ಮನಿದೆ. ಇನ್ನೊಂದು ಕೈಯ ಬೆರಳು ಮಾತ್ರ ಹೊದಿಕೆಯ ಮೇಲೆ ಏನನ್ನೋ ಒತ್ತುತ್ತಿದೆ, ಸರಿಸುತ್ತಿದೆ. ಗಟ್ಟಿಯಾಗಿ ಹಿಡಿದುಕೊಂಡೆ, ನಿಂತಿತು. ಇದನ್ನು ಬರೆಯಲೆಂದು ಕೈ ಬಿಟ್ಟೆ, ಮತ್ತೆ ಶುರು—