ಗುಂಡಿಯಲ್ಲಿದ್ದವನಿಗೂ ಚರಗ

ಔರಾದ, ೩೦ ಡಿಸೆಂಬರ್ ೨೦೨೪, ಸೋಮವಾರ

ಪರೀಕ್ಷೆಗೆ ಕಳಿಸಬೇಕಿದ್ದ ಇದ್ದಿಲು ಹಾಳಾಯಿತು. ತಲೆಯಲ್ಲಿ ಅದೊಂದೇ.

ಠಾಣಾ ಕುಶನೂರಿನ ಹೊಲದಲ್ಲಿ, ಹೊಸ ರಸ್ತೆ ಹಾಯಲಿರುವ ಜಾಗದಲ್ಲೇ, ನಾನು ಅಗೆಸುತ್ತಿದ್ದ ಗುಂಡಿಯಲ್ಲಿ ಶಿಲಾಯುಗದ್ದೆನಿಸುವ ಒಲೆಯೊಂದು ಸಿಕ್ಕಿತ್ತು. ಇದ್ದಿಲಿನಿಂದ ಅದರ ಕಾಲ ಗೊತ್ತಾದರೆ ರಸ್ತೆಯನ್ನು ತುಸು ಸರಿಸಬಹುದಿತ್ತು. ಎಳ್ಳಮಾವಾಸ್ಯೆಯೆಂದು ಇವತ್ತು ಕೂಲಿಯವರು ಬರಲಿಲ್ಲ. ಹೊಲದೊಡತಿ ಸುಂದರಬಾಯಿ ಮನೆಮಂದಿಯೊಂದಿಗೆ ಬಂದು, ಭೂತಾಯಿಗೆಂದು ಬೆಳೆಗೆಲ್ಲ ಎಡೆಯ ಚರಗ ಚೆಲ್ಲುತ್ತ, ನನ್ನ ಗುಂಡಿಗೂ ಕಾಳು-ಸೊಪ್ಪಿನ ಭಜ್ಜಿ, ಅಂಬಲಿ ಚೆಲ್ಲಿಬಿಟ್ಟರು. ಇಂದಿನ ಆಹಾರ ಬೆರೆತ ಇದ್ದಿಲು ಸರಿಯಾದ ಕಾಲ ಹೇಳುವುದಿಲ್ಲ.

"ಇದೇನ್ ಮಾಡಿದ್ರಿ ಅವ್ವಾರ?"

"ಇಲ್ಲಿ ಯಾರೋ ಒಬ್ರೇ ಕುಂತು ಬೆಂಕಿ ಹಚ್ಚಿದ್ರಂತ ನೀವೇ ಅಂದೀರಿ. ಹಬ್ಬದ ದಿನ ಅವ್ರಿಗಿ ಉಣ್ಲಾಕ ಬ್ಯಾಡೇನ್ರಿ? ನೀವೂ ಬರ್ರಿ, ನಮ್ ಸಾಲಿನಾಗ ಕೂಡ್ರಿ."

ಸಿಟ್ಟಿನಲ್ಲಿ ಹಸಿವಿಲ್ಲವೆಂದು ಸುಳ್ಳು ಹೇಳಿ ಹೊರಟುಬಂದೆ. ಬಸ್ಸಿನಲ್ಲಿ ಪ್ರಾಸ ಹೊಳೆಯಿತು: ಇದ್ದಿಲಿಗೆ ಅಂಬಲಿ, ಇನ್ಯಾರನ್ನು ನಂಬಲಿ. ಹೇಳಿ ನಗಿಸೋಣವೆಂದರೆ ಪಕ್ಕದ ಸೀಟಿನಲ್ಲಿ ನನ್ನದೇ ಚೀಲ.

ಹಬ್ಬಕ್ಕೆ ಖಾನಾವಳಿಯೂ ಮುಚ್ಚಿದೆ. ಲಾಡ್ಜಿನ ಕೋಣೆಯಲ್ಲಿ ಬಿಸ್ಕೀಟು, ನೀರು. ಸಾವಿರಾರು ವರ್ಷಗಳ ಹಿಂದೆ ಒಬ್ಬನೇ ಕುಳಿತವನನ್ನೂ ಅವರು ಇವತ್ತು ಊಟಕ್ಕೆ ಕರೆದರು. ಅವನಾದರೂ ಬೇಡವೆನ್ನಲಿಲ್ಲ. ನಾನು ರಸ್ತೆಗೆ ಬಂದು ತಿರುಗಿ ನೋಡಿದಾಗ, ಸಾಲಿನಲ್ಲಿ ಒಬ್ಬರ ಜಾಗ ಬಿಟ್ಟೇ ಉಣ್ಣುತ್ತಿದ್ದರು.